ಎರಡು ದಿನ, ಒಂಬತ್ತು ಊರು, ಒಬ್ಬ ಡ್ರೈವರು

ಮಳೆ ಹಿಂದೆ ಸರಿದು ದಸರಾ ರಜೆ ಹತ್ತಿರ ಬಂತೆಂದರೆ ದಾವಣಗೆರೆಯ ಪೇಟೆಬೀದಿಗಳಲ್ಲಿ ಒಂದೇ ಮಾತು: "ಈ ಸಲ ಟೂರು ಎಲ್ಲಿಗ್ರಿ?" ಜವಳಿ ಅಂಗಡಿಯವರು, ಕಿರಾಣಿಯವರು, ಪಾತ್ರೆ ಅಂಗಡಿಯವರು, ಸ್ಟೇಷನರಿಯವರು ಸೇರಿ ವರ್ಷವಿಡೀ ಚೀಟಿ ಕಟ್ಟಿರುತ್ತಾರೆ. ಚೀಟಿ ಹಣ ಕೈಗೆ ಬಂದ ದಿನವೇ ಒಂದು ಟೆಂಪೋ ಟ್ರಾವೆಲರ್ ಗೊತ್ತಾಗುತ್ತದೆ. ಬಯಲುಸೀಮೆಯ ಬಿಸಿಲಲ್ಲಿ, ಧೂಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೂತು ಬೇಸತ್ತ ಜೀವಕ್ಕೆ ಮಲೆನಾಡಿನ ಹಸಿರು, ತಂಪು, ದೇವರ ದರ್ಶನ ಬೇಕೆನಿಸುವುದು ಸಹಜ. ಅದನ್ನು ಬೇಡವೆನ್ನಲು ಯಾರಿಗೂ ಮನಸ್ಸು ಬಾರದು. ಹೋಗಲೇಬೇಕು.

ತಕರಾರು ಇರುವುದು ಹೋಗುವುದರ ಮೇಲಲ್ಲ, ಹೋಗುವ ಪಟ್ಟಿಯ ಮೇಲೆ.

ಪಟ್ಟಿ ಹೇಗಿರುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠ. ಜೋಗ, ಸಿಗಂದೂರು, ಕೊಲ್ಲೂರು, ಉಡುಪಿ, ಆಗುಂಬೆ, ಶೃಂಗೇರಿ, ಹೊರನಾಡು, ಧರ್ಮಸ್ಥಳ, ಕುಕ್ಕೆ. ಒಟ್ಟು ಒಂಬತ್ತು ಊರು. ಶುಕ್ರವಾರ ರಾತ್ರಿ ಅಂಗಡಿ ಬಾಗಿಲು ಹಾಕಿ ಹತ್ತಕ್ಕೆ ಹೊರಡುವುದು, ಸೋಮವಾರ ಬೆಳಿಗ್ಗೆ ಆರಕ್ಕೆ ವಾಪಸು. ಏಕೆಂದರೆ ಸೋಮವಾರ ಗಿರಾಕಿ ಬರುತ್ತಾರಲ್ಲ! ಮೊದಲೆಲ್ಲ ಸಿಗಂದೂರಿಗೆ ಶರಾವತಿ ಹಿನ್ನೀರಿನಲ್ಲಿ ಲಾಂಚ್ ಕಾಯಬೇಕಿತ್ತು. ಆ ಕಾಯುವಿಕೆಯಾದರೂ ಡ್ರೈವರಿಗೆ ಅರ್ಧ ಗಂಟೆ ಕಣ್ಣು ಮುಚ್ಚಲು ಅವಕಾಶ ಕೊಡುತ್ತಿತ್ತು. 2025ರ ಜುಲೈಯಲ್ಲಿ ಅಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ ತೆರೆಯಿತು. ದ್ವೀಪದಂತೆ ಬದುಕಿದ್ದ ಆ ಕಡೆಯ ಜನಕ್ಕೆ ಅದು ದೊಡ್ಡ ಉಪಕಾರ. ಟೂರಿನವರು ಮಾತ್ರ "ಲಾಂಚಿನ ಟೈಮು ಉಳೀತಲ್ಲ, ಇನ್ನೊಂದು ಊರು ಸೇರಿಸ್ರಿ" ಎನ್ನುತ್ತಾರೆ.

ಲೆಕ್ಕ ಬಲ್ಲವರ ಲೆಕ್ಕ

ವ್ಯಾಪಾರಸ್ಥರಿಗೆ ಲೆಕ್ಕ ಹೇಳಿಕೊಡುವುದೆಂದರೆ ಕಮ್ಮಾರನಿಗೆ ಸೂಜಿ ಮಾರಿದಂತೆ. ಆದರೂ ಈ ಒಂದು ಲೆಕ್ಕವನ್ನು ಚೀಟಿಯ ಯಜಮಾನರು ಕಾಗದದ ಮೇಲೆ ಮಾಡಿ ನೋಡಲಿ.

ಶುಕ್ರವಾರ ರಾತ್ರಿ ಹತ್ತರಿಂದ ಸೋಮವಾರ ಬೆಳಿಗ್ಗೆ ಆರರವರೆಗೆ ಒಟ್ಟು 56 ಗಂಟೆ. ಆ ಒಂಬತ್ತು ಊರು ಸುತ್ತಿ ದಾವಣಗೆರೆಗೆ ಮರಳಲು ಎಷ್ಟು ಕಮ್ಮಿ ಹಿಡಿದರೂ 800 ಕಿಲೋಮೀಟರು. ಹೆದ್ದಾರಿಯಲ್ಲಿ ಗಂಟೆಗೆ 60 ಓಡುವ ಗಾಡಿ ಘಟ್ಟದಲ್ಲಿ 25-30ಕ್ಕೆ ಇಳಿಯುತ್ತದೆ. ಸರಾಸರಿ 35 ಎಂದು ಹಿಡಿದರೆ ಬರೀ ಚಕ್ರ ತಿರುಗುವ ಹೊತ್ತೇ 23 ಗಂಟೆ. ಒಂಬತ್ತು ಊರಿನಲ್ಲಿ ದರ್ಶನದ ಸಾಲು, ಫೋಟೋ, ತೇಗದ ಗೊಂಬೆ, ಅಪ್ಪೆಮಿಡಿ ಉಪ್ಪಿನಕಾಯಿ ಖರೀದಿ ಎಂದು ತಲಾ ಎರಡು ಗಂಟೆ ಇಟ್ಟರೆ 18. ಸ್ನಾನ, ತಿಂಡಿ, ಊಟ, ಚಹಾ, ಮಕ್ಕಳ ವಾಂತಿ ಎಲ್ಲಕ್ಕೂ ಸೇರಿ 7. ಒಟ್ಟು 48 ಆಯಿತು. ಉಳಿದದ್ದು 8 ಗಂಟೆ. ಆ ಎಂಟು ಗಂಟೆಯನ್ನು ಮೂರು ರಾತ್ರಿಗೆ ಹಂಚಬೇಕು. ಅಂದರೆ ರಾತ್ರಿಗೆ ಮೂರು ಗಂಟೆಯೂ ಇಲ್ಲ.

ಹಿಂದೆ ಕೂತವರು ಗಾಡಿಯಲ್ಲೇ ತೂಕಡಿಸಿ ನಿದ್ದೆ ತೀರಿಸಿಕೊಳ್ಳುತ್ತಾರೆ. ಸ್ಟೀರಿಂಗ್ ಹಿಡಿದವನು ಎಲ್ಲಿ ತೀರಿಸಿಕೊಳ್ಳಬೇಕು?

ಇದೇ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಅಡಗಿದೆ. ಈ ದಾರಿ ಘಟ್ಟವನ್ನು ಒಂದು ಸಲವಲ್ಲ, ನಾಲ್ಕು ಸಲ ದಾಟುತ್ತದೆ. ಕೊಲ್ಲೂರಿಗೆ ಇಳಿಯಬೇಕು, ಉಡುಪಿಯಿಂದ ಆಗುಂಬೆಗೆ ಹತ್ತಬೇಕು, ಹೊರನಾಡಿನಿಂದ ಚಾರ್ಮಾಡಿಯಲ್ಲಿ ಮತ್ತೆ ಇಳಿಯಬೇಕು, ಕುಕ್ಕೆ ಮುಗಿಸಿ ಶಿರಾಡಿಯಲ್ಲಿ ಮತ್ತೆ ಹತ್ತಬೇಕು. ಮೊದಲ ಇಳಿತವನ್ನು ಎಚ್ಚರದಿಂದ ಇಳಿಸಿದ ಕೈ, ಮೂರನೆಯದರ ಹೊತ್ತಿಗೆ ಎರಡು ರಾತ್ರಿ ನಿದ್ದೆಗೆಟ್ಟ ಕೈ. ಕೊನೆಯ ಹತ್ತುವಿಕೆ ಭಾನುವಾರ ರಾತ್ರಿ. ಎದುರಿಗೆ ಮಂಗಳೂರಿಗೆ ಇಳಿಯುವ ಲಾರಿಗಳ ಸಾಲು, ಬೆಳಕಿನ ಹೊಡೆತ, ಮಂಜು. ಅದಾದ ಮೇಲೂ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ಬಯಲು ದಾರಿ. ಕಣ್ಣು ಎಳೆಯುವುದು ಘಟ್ಟದ ತಿರುವಿನಲ್ಲಲ್ಲ, ಘಟ್ಟ ಮುಗಿದು ನೇರ ರಸ್ತೆ ಸಿಕ್ಕಾಗ. ಅನುಭವಸ್ಥ ಡ್ರೈವರುಗಳನ್ನು ಕೇಳಿದರೆ ಅವರೇ ಇದನ್ನು ಹೇಳುತ್ತಾರೆ.

"ನಿದ್ದೆಗಿದ್ದೆ ಬಂತೇನ್ರಿ?"

"ಏನ್ ಡ್ರೈವರ್ರೆ, ನಿದ್ದೆಗಿದ್ದೆ ಬಂತೇನ್ರಿ?"

"ಇಲ್ಲ ಸಾವ್ಕಾರ್ರೆ, ಒಂದ್ ಚಾ ಕುಡುದ್ರೆ ಆಯ್ತು."

ಪ್ರತಿ ಟೂರಿನಲ್ಲೂ ರಾತ್ರಿ ಎರಡು ಗಂಟೆಗೆ ಈ ಮಾತುಕತೆ ನಡೆಯುತ್ತದೆ. ಕೇಳಿದವರಿಗೆ ಸಮಾಧಾನ, ಹೇಳಿದವನಿಗೆ ಬೇರೆ ದಾರಿಯಿಲ್ಲ. ನಿದ್ದೆ ಬಂತು ಎಂದರೆ ಮುಂದಿನ ಸಲ ಬಾಡಿಗೆ ಬೇರೆ ಗಾಡಿಗೆ ಹೋಗುತ್ತದೆ ಎಂಬ ಭಯ ಅವನದು. ಯಜಮಾನರು ಕೊಡುವ ಬಾಟಾ ಅವನ ಮನೆಯ ಅಕ್ಕಿ ಬೇಳೆ.

ಡ್ರೈವರನೂ ಮನುಷ್ಯ ಎಂಬುದನ್ನು ಕಾನೂನು ಎಂದೋ ಒಪ್ಪಿದೆ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ದಿನಕ್ಕೆ ಎಂಟು ಗಂಟೆ ಕೆಲಸ ಎಂದು ಗೆರೆ ಎಳೆದಿತ್ತು. ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಎಂದೂ ಅದರಲ್ಲಿ ಬರೆದಿತ್ತು. ಕಾಯಿದೆ ಬರೆದವರಿಗೆ ಅರವತ್ತು ವರ್ಷದ ಹಿಂದೆಯೇ ತಿಳಿದದ್ದು ಚೀಟಿಯ ಯಜಮಾನರಿಗೆ ಇವತ್ತು ತಿಳಿಯುವುದು ಕಷ್ಟವೇ?

ತಪ್ಪು ಬರೀ ಯಜಮಾನರದ್ದೂ ಅಲ್ಲ. ಬಾಡಿಗೆ ಗಾಡಿಯ ದರ ಕಟ್ಟುವ ರೀತಿಯೇ ಹಾಗಿದೆ. ದಿನಕ್ಕೆ ಕನಿಷ್ಠ ಇಂತಿಷ್ಟು ಕಿಲೋಮೀಟರು ಎಂದು ಕಟ್ಟುತ್ತಾರೆ. ಓಡಿಸಿದರೂ ಅದೇ ದುಡ್ಡು, ಬಿಟ್ಟರೂ ಅದೇ ದುಡ್ಡು. ಕೊಟ್ಟ ಕಾಸಿಗೆ ಪೂರ್ತಿ ಸರಕು ತೂಗಿಸಿಕೊಳ್ಳುವುದು ಪೇಟೆಯ ಬುದ್ಧಿ. "ಇನ್ನೂ ನಲವತ್ತು ಕಿಲೋಮೀಟರ್ ಬಾಕಿ ಐತಲ್ರಿ, ಇಲ್ಲೇ ಹತ್ರ ಒಂದು ಫಾಲ್ಸ್ ಐತಂತೆ" ಎಂಬ ಮಾತು ಹುಟ್ಟುವುದು ಹೀಗೆ. ಅಕ್ಕಿ ತೂಕದಲ್ಲಿ ಈ ಬುದ್ಧಿ ಸರಿ. ಘಟ್ಟದ ರಸ್ತೆಯಲ್ಲಿ ಮಿಕ್ಕ ಕಿಲೋಮೀಟರನ್ನು ಬಿಟ್ಟುಕೊಟ್ಟವನೇ ಲಾಭದಲ್ಲಿರುತ್ತಾನೆ.

ಇನ್ನು ಕೆಲವರು ಹಳದಿ ಬೋರ್ಡಿನ ಗಾಡಿ ದುಬಾರಿಯೆಂದು ಪರಿಚಯದವರ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ತರುತ್ತಾರೆ. ಪರ್ಮಿಟ್ ಇಲ್ಲದ ಗಾಡಿ ಬಾಡಿಗೆಗೆ ಓಡಿ ಏನಾದರೂ ಆದರೆ ವಿಮೆಯವರು ಮೊದಲು ಹುಡುಕುವುದು ಆ ತಪ್ಪನ್ನೇ. ಉಳಿಸಿದ ಎರಡು ಸಾವಿರಕ್ಕೆ ಹತ್ತು ಮನೆ ಕೋರ್ಟು ಅಲೆಯುವುದು ಯಾವ ಊರಿನ ಜಾಣತನ?

ಗುಡ್ಡ ಯಾರ ಮಾತೂ ಕೇಳುವುದಿಲ್ಲ

ಮಳೆಗಾಲದ ಸೊಬಗು ನೋಡಬೇಕೆಂದು ಜುಲೈ-ಆಗಸ್ಟಿನಲ್ಲೇ ಹೊರಡುವವರೂ ಇದ್ದಾರೆ. ಜೋಗ ತುಂಬಿ ಧುಮುಕುವುದು ಆಗಲೇ, ನಿಜ. 253 ಮೀಟರು ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ ಬೀಳುವುದನ್ನು ನೋಡಿದರೆ ಜನ್ಮ ಸಾರ್ಥಕ. ಶಿವಮೊಗ್ಗ, ಸಾಗರದ ಮೇಲೆ ಹೋಗಿ ಅದೇ ದಾರಿಯಲ್ಲಿ ಮರಳಿದರೆ ಘಾಟಿ ಇಳಿಯುವ ಪ್ರಮೇಯವೇ ಇಲ್ಲ. ಆದರೆ ಜೋಗ ನೋಡಿದ ಉತ್ಸಾಹದಲ್ಲಿ ಅದೇ ಮಳೆಯಲ್ಲಿ ಘಟ್ಟ ಇಳಿಯಲು ಹೊರಡುವುದು ಬೇರೆ ಮಾತು.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿ ಮಡಿಕೇರಿ-ಸಂಪಾಜೆ ದಾರಿ ಕಡಿದು ಹೋಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಹಲವು ಕಡೆ ಕುಸಿದು ಬಂದ್ ಆಯಿತು. ಆಮೇಲೆ ಸಣ್ಣ ಗಾಡಿಗಳಿಗೆ ಬಿಟ್ಟರೂ ದೊಡ್ಡ ಗಾಡಿಗಳು ಬಹಳ ಕಾಲ ಬೇರೆ ದಾರಿ ಹಿಡಿಯಬೇಕಾಯಿತು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡವೇ ಕುಸಿಯಿತು. ರಸ್ತೆ ಬದಿಯಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಸಂಸಾರ ಅದರಡಿ ಸೇರಿಹೋಯಿತು. ನಿಂತಿದ್ದ ಲಾರಿ ಗಂಗಾವಳಿ ನದಿಯ ಪಾಲಾಗಿ, ಅದನ್ನು ಅದರ ಡ್ರೈವರನ ದೇಹದೊಂದಿಗೆ ಮೇಲೆತ್ತಿದ್ದು ಎರಡು ತಿಂಗಳು ಕಳೆದು ಸೆಪ್ಟೆಂಬರಿನಲ್ಲಿ. ಅದೇ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ರಾತ್ರೋರಾತ್ರಿ ಊರುಗಳೇ ಕೊಚ್ಚಿಹೋದವು.

ಶಿರೂರಿನದು ಓಣಿ ರಸ್ತೆಯಲ್ಲ, ನಾಲ್ಕು ಪಥದ ಹೆದ್ದಾರಿ. ರಸ್ತೆ ಅಗಲವಾಯಿತೆಂದರೆ ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದಾರೆ ಎಂದೇ ಅರ್ಥ. ನೀರು ಕುಡಿದ ಮಣ್ಣು ಭಾರವಾಗುತ್ತದೆ, ಬುಡದ ಆಸರೆ ಇಲ್ಲದಿದ್ದರೆ ಜಾರುತ್ತದೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ, ಗೋದಾಮಿನಲ್ಲಿ ಕೆಳಗಿನ ಚೀಲ ಎಳೆದರೆ ಮೇಲಿನ ಸಾಲು ಏನಾಗುತ್ತದೆಂದು ಹಮಾಲರಿಗೂ ಗೊತ್ತು.

ಆದ್ದರಿಂದ ಘಟ್ಟದ ಟೂರಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ಕಾಲವೇ ಸೈ. ಆಗ ಹಸಿರು ಉಳಿದಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಕಾಫಿ ಹಣ್ಣು ಕೆಂಪಾಗಿ ಕೊಯ್ಲು ನಡೆದಿರುತ್ತದೆ. ಆಗುಂಬೆಯ ಸೂರ್ಯಾಸ್ತ ಮೋಡದ ತಡೆಯಿಲ್ಲದೆ ಕಾಣುವುದೂ ಆಗಲೇ. ಒಂದು ಎಚ್ಚರ ಮಾತ್ರ ಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಹೆಚ್ಚಾಗುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಅದು ಹರಡುವುದು ಉಣುಗಿನಿಂದ. ಕಾಡಿನ ತರಗೆಲೆಯ ಮೇಲೆ ಚಾಪೆ ಹಾಸಿ ಬುತ್ತಿ ಬಿಚ್ಚುವ ಹುಮ್ಮಸ್ಸು ಬೇಡ.

ಹಾಗಾದರೆ ಪಟ್ಟಿ ಹೇಗಿರಬೇಕು?

ಬೇಡ ಎನ್ನುವುದು ಸುಲಭ, ಬೇಕಾದ್ದನ್ನು ಹೇಳಬೇಕಲ್ಲ. ಘಟ್ಟ ಇಳಿಯದೆ, ಘಟ್ಟದ ತಲೆಯ ಮೇಲೇ ಸುತ್ತಿ ಬರುವ ಒಂದು ದಾರಿ ಇದೆ. ನಾಲ್ಕು ದಿನ, ಮೂರು ರಾತ್ರಿ. ರಾತ್ರಿ ಪೂರ್ತಿ ಮಲಗುವುದು, ಹಗಲು ಮಾತ್ರ ಓಡಿಸುವುದು.

ಮೊದಲ ದಿನ ಬೆಳಗಿನ ಐದಕ್ಕೆ ದಾವಣಗೆರೆ ಬಿಟ್ಟರೆ ಹೊನ್ನಾಳಿಯ ಮೇಲೆ ಶಿವಮೊಗ್ಗ. ಅಲ್ಲಿಂದ ತೀರ್ಥಹಳ್ಳಿ ದಾರಿಯಲ್ಲಿ ಸಕ್ರೆಬೈಲು. ತುಂಗೆಯ ನೀರಿನಲ್ಲಿ ಆನೆಗಳ ಸ್ನಾನ ಕಾಣುವುದು ಬೆಳಗಿನ ಹೊತ್ತು ಮಾತ್ರ, ತಡವಾಗಿ ಹೋದವರಿಗೆ ಬರೀ ಖಾಲಿ ದಂಡೆ. ತೀರ್ಥಹಳ್ಳಿಯಲ್ಲಿ ಊಟ, ಬಳಿಕ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ, ಕವಿಶೈಲ. ಸಂಜೆಗೆ ಆಗುಂಬೆ. ಸೂರ್ಯ ಮುಳುಗಿದ ಮೇಲೆ 14 ತಿರುವಿನ ಘಾಟಿ ಇಳಿಯುವ ಆಸೆ ಬಿಟ್ಟು, ಒಂದು ಗಂಟೆಯೊಳಗಿನ ದಾರಿಯಲ್ಲಿ ಶೃಂಗೇರಿ ಸೇರಿ ಮಲಗುವುದು.

ಎರಡನೆಯ ದಿನ ಶೃಂಗೇರಿಯಲ್ಲಿ ಗಡಿಬಿಡಿಯಿಲ್ಲದ ದರ್ಶನ, ವಿದ್ಯಾಶಂಕರ ದೇಗುಲದ ಕಲ್ಲಿನ ಕೆಲಸ, ತುಂಗೆಯ ಮೆಟ್ಟಿಲ ಬಳಿ ಮೀನುಗಳ ಹಿಂಡು. ನಂತರ ಕೆರೆಕಟ್ಟೆ, ಕುದುರೆಮುಖದ ಮೇಲೆ ಕಳಸ, ಹೊರನಾಡು. ಈ ದಾರಿ ರಾಷ್ಟ್ರೀಯ ಉದ್ಯಾನದೊಳಗಿನದು. 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತ ಮೇಲೆ ಅಲ್ಲಿನ ಗುಡ್ಡಗಳು ಮತ್ತೆ ಮೌನಕ್ಕೆ ಮರಳಿವೆ. ಆ ಮೌನವನ್ನು ಹಾಡಿನ ಪೆಟ್ಟಿಗೆಯಿಂದ ಕೆಡಿಸಬಾರದು. ಗಾಡಿ ನಿಲ್ಲಿಸಿ ಊಟ ಹರಡುವಂತಿಲ್ಲ. ಚಕ್ರ ತಿರುಗುವುದು ಮೂರು ಗಂಟೆಯ ಆಸುಪಾಸು. ಡ್ರೈವರನೂ ಅನ್ನಪೂರ್ಣೇಶ್ವರಿಯ ಊಟಕ್ಕೆ ಪಂಕ್ತಿಯಲ್ಲಿ ಕೂರಬಹುದು. ರಾತ್ರಿ ಅಲ್ಲೇ, ಇಲ್ಲವೇ ಕಳಸದಲ್ಲಿ.

ಮೂರನೆಯ ದಿನ ಕೊಟ್ಟಿಗೆಹಾರದ ನೀರುದೋಸೆ, ಮೂಡಿಗೆರೆ, ಕಾಫಿ ತೋಟಗಳ ನಡುವಿನ ದಾರಿಯಲ್ಲಿ ಚಿಕ್ಕಮಗಳೂರು. ನಾಲ್ಕನೆಯ ದಿನ ಬೆಳಿಗ್ಗೆ ಮುಳ್ಳಯ್ಯನಗಿರಿ, ರಾಜ್ಯದಲ್ಲೇ ಎತ್ತರದ 1,930 ಮೀಟರಿನ ಶಿಖರ. ಅಲ್ಲಿಗೆ ದಿನಕ್ಕೆ ಇಂತಿಷ್ಟೇ ವಾಹನ ಎಂದು 2025ರಲ್ಲಿ ಮಿತಿ ಹಾಕಿ, ಮುಂಗಡ ನೋಂದಣಿ ಕಡ್ಡಾಯ ಮಾಡಿದರು. ಹೊರಡುವ ಮೊದಲೇ ಅದನ್ನು ವಿಚಾರಿಸಿಕೊಳ್ಳಬೇಕು. ಕೆಳಗೆ ಹೋಗಿ "ನಾವು ದೂರದಿಂದ ಬಂದೀವಿ ಸ್ವಾಮಿ" ಎಂದು ಪೊಲೀಸರ ಕೈಕಾಲು ಹಿಡಿಯುವುದು ಯಾರಿಗೂ ಗೌರವವಲ್ಲ. ಮಧ್ಯಾಹ್ನ ಕಡೂರು, ಬೀರೂರು ದಾಟಿದರೆ ದೀಪ ಹಚ್ಚುವ ಹೊತ್ತಿಗೆ ಮನೆ.

"ನಾಲ್ಕು ದಿನ ಅಂಗಡಿ ಮುಚ್ಚೋಕಾಗ್ತದೇನ್ರಿ?" ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಂಥವರು ಎರಡು ದಿನದ್ದೇ ಮಾಡಲಿ: ಸಕ್ರೆಬೈಲು, ಕುಪ್ಪಳಿ, ಆಗುಂಬೆ, ಶೃಂಗೇರಿ, ಮರಳಿ ಅದೇ ದಾರಿ. ಉಳಿದ ಊರುಗಳು ಎಲ್ಲಿಗೂ ಓಡಿಹೋಗುವುದಿಲ್ಲ, ದೇವರಿಗೂ ಅವಸರವಿಲ್ಲ. ಮುಂದಿನ ವರ್ಷದ ಚೀಟಿ ಇದ್ದೇ ಇದೆ.

ಬಸ್ಸಿನವರೂ ಹೋಗಬಹುದು

ಗಾಡಿ ಬಾಡಿಗೆಗೆ ಶಕ್ತಿಯಿಲ್ಲದವರು ಮಲೆನಾಡು ನೋಡಬಾರದೆಂದೇನೂ ಇಲ್ಲ. ದಾವಣಗೆರೆಯಿಂದ ಶಿವಮೊಗ್ಗಕ್ಕೆ, ಅಲ್ಲಿಂದ ತೀರ್ಥಹಳ್ಳಿ, ಶೃಂಗೇರಿಗೆ ಬಸ್ಸುಗಳಿವೆ. ದಿನವೂ ಅದೇ ದಾರಿಯಲ್ಲಿ ಓಡಿಸುವ ಬಸ್ ಡ್ರೈವರಿಗೆ ಪ್ರತಿ ತಿರುವೂ ಮನೆಯ ಅಂಗಳದಂತೆ ಪರಿಚಯ. ಕಿಟಕಿ ಬದಿಯ ಸೀಟು ಸಿಕ್ಕರೆ ಟೆಂಪೋದವರು ನೋಡುವ ಕಾಡನ್ನೇ ಟಿಕೇಟಿನ ದುಡ್ಡಿಗೆ ನೋಡಬಹುದು. 2023ರ ಜೂನಿನಲ್ಲಿ ಶುರುವಾದ ಶಕ್ತಿ ಯೋಜನೆಯನ್ನು ನೆಚ್ಚಿ ಹೊರಡುವ ಹೆಣ್ಣುಮಕ್ಕಳು ಒಂದು ಮಾತು ನೆನಪಿಡಲಿ: ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಟಿಕೇಟು ಪೂರ್ತಿ. ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಇಳಿದ ಕೂಡಲೇ ಕಂಡಕ್ಟರರನ್ನು ಕೇಳಿಕೊಳ್ಳುವುದೂ ಒಳ್ಳೆಯದು. ಅಲ್ಲಿ ಸಂಜೆ ಬೇಗ ಆಗುತ್ತದೆ.

ಅಲ್ಲಿಯವರಿಗೂ ಅದೇ ರಸ್ತೆ

ಇನ್ನೊಂದು ಮಾತು ಟೂರಿನವರ ಕಿವಿಗೆ ಬೀಳಬೇಕು. ಘಟ್ಟದ ರಸ್ತೆ ನೋಡಲು ಬಂದವರದ್ದಷ್ಟೇ ಅಲ್ಲ. ಆಗುಂಬೆ, ಶೃಂಗೇರಿ ಕಡೆಯ ಜನಕ್ಕೆ ಎದೆನೋವು ಬಂದರೆ, ಹೆರಿಗೆ ಕಷ್ಟವಾದರೆ ಆಂಬುಲೆನ್ಸು ಘಾಟಿ ಇಳಿದು ಮಣಿಪಾಲಕ್ಕೆ ಓಡಬೇಕು. ಮೂಡಿಗೆರೆ ಕಡೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ. ಜಲಪಾತ ಕಂಡಿತೆಂದು ತಿರುವಿನಲ್ಲೇ ಗಾಡಿ ನಿಲ್ಲಿಸಿ, ರಸ್ತೆ ನಡುವೆ ಕುಣಿದು ಫೋಟೋ ತೆಗೆಯುವವರು ಆ ಆಂಬುಲೆನ್ಸಿನೊಳಗೆ ತಮ್ಮ ಮನೆಯವರೇ ಇದ್ದಾರೆಂದು ಒಂದು ಗಳಿಗೆ ಎಣಿಸಿಕೊಳ್ಳಲಿ. ತಿಂದ ತಟ್ಟೆ, ಕುಡಿದ ಬಾಟಲಿಯನ್ನು ಕಣಿವೆಗೆ ಎಸೆಯುವವರು ತಮ್ಮ ಅಂಗಡಿ ಮುಂದೆ ಯಾರಾದರೂ ಹಾಗೆ ಎಸೆದರೆ ಸುಮ್ಮನಿರುತ್ತಾರೆಯೇ?

ದಾರಿಯ ನಿಯಮವೂ ಅಷ್ಟೇ. ಇಕ್ಕಟ್ಟಾದ ಘಟ್ಟದಲ್ಲಿ ಇಳಿಯುವ ಗಾಡಿ ಬದಿಗೆ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು. ಹತ್ತಿದ ಗೇರಿನಲ್ಲೇ ಇಳಿಯಬೇಕು. ಬ್ರೇಕಿನ ಮೇಲೇ ಕಾಲಿಟ್ಟು ಇಳಿದರೆ ಅದು ಕಾದು, ಬೇಕಾದಾಗ ಹಿಡಿಯುವುದಿಲ್ಲ. ಗಾಡಿ ಗೊತ್ತುಮಾಡುವಾಗ ಸೀಟಿನ ಬಟ್ಟೆ ಹೊಸದೋ ಹಳೆಯದೋ, ಟೀವಿ ಇದೆಯೋ ಇಲ್ಲವೋ ಎಂದು ನೋಡುವವರು ಟೈರಿನ ಹಲ್ಲು ಸವೆದಿದೆಯೇ, ಡ್ರೈವರಿಗೆ ಘಟ್ಟದ ಅನುಭವ ಇದೆಯೇ ಎಂದು ಕೇಳುವುದಿಲ್ಲ. ಕೇಳಬೇಕಾದ್ದು ಅದನ್ನೇ. ಅವನು ಮಲಗಲು ಒಂದು ಮಂಚವನ್ನೂ ಕೋಣೆಯ ಲೆಕ್ಕದಲ್ಲಿ ಸೇರಿಸಬೇಕು. ಗಾಡಿಯ ಸೀಟಿನ ಮೇಲೆ ಕಾಲು ಮಡಚಿ, ಸೊಳ್ಳೆ ಹೊಡೆಯುತ್ತಾ ಕಳೆದ ರಾತ್ರಿಯನ್ನು ನಿದ್ದೆ ಎನ್ನುವುದಿಲ್ಲ.

ಒಂದು ಕರಿಹಲಗೆ ಸಾಕು

ಜನರಿಗೆ ಇಷ್ಟೆಲ್ಲ ಹೇಳಿದ ಮೇಲೆ ಅಧಿಕಾರಿಗಳಿಗೂ ಒಂದು ಮಾತು. ಮಳೆಗಾಲ ಬಂತೆಂದರೆ ಆಯಾ ಜಿಲ್ಲಾಧಿಕಾರಿಗಳು ಇಂಥ ಘಾಟಿಯಲ್ಲಿ ಭಾರಿ ವಾಹನ ಬೇಡ, ಇಂಥಲ್ಲಿ ರಾತ್ರಿ ಸಂಚಾರ ಬೇಡ ಎಂದು ಆದೇಶ ಹೊರಡಿಸುತ್ತಾರೆ. ಆದೇಶ ಹೊರಡುವುದು ಘಟ್ಟದ ಜಿಲ್ಲೆಯಲ್ಲಿ, ಗಾಡಿ ಹೊರಡುವುದು ಬಯಲು ಜಿಲ್ಲೆಯಲ್ಲಿ. ನೂರೈವತ್ತು ಕಿಲೋಮೀಟರು ಹೋದ ಮೇಲೆ ಅಡ್ಡಗಟ್ಟಿದ ಬ್ಯಾರಿಕೇಡ್ ಕಂಡು ವಿಷಯ ತಿಳಿಯುತ್ತದೆ. ಆಗ ಶುರುವಾಗುತ್ತದೆ ಕತ್ತಲಲ್ಲಿ ಸುತ್ತು ದಾರಿ ಹುಡುಕುವ ಸಾಹಸ. ಕೈಯಲ್ಲಿ ಮೊಬೈಲು ಇದೆಯಲ್ಲ ಎನ್ನಬಹುದು. ಮೊಬೈಲಿನ ನಕಾಶೆ ಹತ್ತಿರದ ದಾರಿ ತೋರಿಸುತ್ತದೆಯೇ ಹೊರತು ಆ ದಾರಿಯಲ್ಲಿ ಟೆಂಪೋ ಹೋಗಬಹುದೇ, ನಿನ್ನೆ ರಾತ್ರಿ ಮರ ಬಿದ್ದಿದೆಯೇ ಎಂದು ಯಾವಾಗಲೂ ಹೇಳುವುದಿಲ್ಲ. ಘಟ್ಟದ ನಡುವೆ ಸಿಗ್ನಲ್ಲೂ ಕೈಕೊಡುತ್ತದೆ.

ದಾವಣಗೆರೆ, ಹರಿಹರ, ಶಿವಮೊಗ್ಗದ ಬಸ್ ನಿಲ್ದಾಣಗಳಲ್ಲಿ, ಟೂರಿಸ್ಟ್ ಗಾಡಿಗಳ ಸ್ಟ್ಯಾಂಡಿನಲ್ಲಿ ಒಂದೊಂದು ಕರಿಹಲಗೆ ನೇತುಹಾಕಲಿ. ಆಗುಂಬೆ, ಹುಲಿಕಲ್, ಚಾರ್ಮಾಡಿ, ಶಿರಾಡಿ, ಸಂಪಾಜೆ ಎಂದು ಐದು ಸಾಲು. ಎದುರಿಗೆ "ತೆರೆದಿದೆ", "ಸಣ್ಣ ಗಾಡಿಗೆ ಮಾತ್ರ", "ಬಂದ್" ಎಂದು ದಿನವೂ ಸೀಮೆಸುಣ್ಣದಲ್ಲಿ ಬರೆಯಲಿ. ಹೋಟೆಲಿನವರು ಇವತ್ತಿನ ತಿಂಡಿ ಬರೆಯುವಷ್ಟೇ ಕೆಲಸ. ಕೋಟಿಗಳ ಯೋಜನೆ ಬೇಡ, ಶಂಕುಸ್ಥಾಪನೆ ಬೇಡ. ಘಟ್ಟದ ಠಾಣೆಗೆ ಬೆಳಿಗ್ಗೆ ಒಂದು ಫೋನು, ಒಂದು ತುಂಡು ಸೀಮೆಸುಣ್ಣ. ಅಷ್ಟನ್ನೂ ಮಾಡಲಾಗದು ಎಂದರೆ ಸಂಬಂಧಪಟ್ಟವರು ಯಾವುದಕ್ಕೆ ಸಂಬಂಧಪಟ್ಟವರು ಎಂದು ಜನ ಕೇಳಬೇಕಾಗುತ್ತದೆ.

ಹಲಗೆ ಬರುವವರೆಗೆ ಆ ಕೆಲಸವನ್ನು ಚೀಟಿಯ ಯಜಮಾನರೇ ಮಾಡಲಿ. ಹೊರಡುವ ಹಿಂದಿನ ದಿನ ಉಳಿದುಕೊಳ್ಳುವ ಊರಿನ ಲಾಡ್ಜಿಗೊಂದು ಫೋನು ಮಾಡಿ "ದಾರಿ ಹೆಂಗೈತ್ರಿ?" ಎಂದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಪಟ್ಟಿ ಹಿಡಿದು ಒಂಬತ್ತು ಊರಿನಲ್ಲಿ ಐದನ್ನು ಹೊಡೆದುಹಾಕುವುದು. ಸೋಮವಾರ ಅಂಗಡಿಯ ಬಾಗಿಲು ಒಂದು ಗಂಟೆ ತಡವಾಗಿ ತೆರೆದರೆ ಯಾವ ಗಿರಾಕಿಯೂ ಊರು ಬಿಟ್ಟು ಹೋಗುವುದಿಲ್ಲ. ಬಾಗಿಲು ತೆರೆಯುವವರು ಕ್ಷೇಮವಾಗಿ ಬರಬೇಕು, ಅದು ಮುಖ್ಯ.